ಓಡಿ ನಿಂತ ಕಾರು ಮತ್ತೆ ಹೊರಡದಿದ್ದರೆ



ಒಂದು ಕಾಲದಲ್ಲಿ ಊರಿಗೆ ಒಂದೋ ಎರಡೋ ಎಂಬಂತಿದ್ದ ಮೋಟಾರು ಕಾರು ಈಗ ನಮ್ಮ ಅನೇಕ ಮನೆಗಳ ಅಂಗಳಕ್ಕೆ ಬಂದು ನಿಂತಿದೆ. ಮದುವೆ, ಗೃಹಪ್ರವೇಶ, ಜಾತ್ರೆ, ಮಕ್ಕಳ ಪರೀಕ್ಷೆ, ಹಿರಿಯರ ಆಸ್ಪತ್ರೆಯ ಓಡಾಟ ಇವೆಲ್ಲಕ್ಕೂ ಮನೆಮಂದಿ ಅದನ್ನೇ ನೆಚ್ಚಿಕೊಂಡಿದ್ದಾರೆ. ಹೀಗೆ ನೆಚ್ಚಿಕೊಂಡ ವಾಹನವು ನಮ್ಮನ್ನು ಪೇಚಿಗೆ ಸಿಕ್ಕಿಸುವ ಬಗೆಗಳು ಹಲವು. ಅವುಗಳಲ್ಲಿ ಅತ್ಯಂತ ವಿಚಿತ್ರವಾದುದೊಂದನ್ನು ಈ ತಿಂಗಳು ವಿವರಿಸಲು ಬಯಸುತ್ತೇವೆ.

ಮುಂಜಾನೆ ಮನೆಯಿಂದ ಹೊರಡುವಾಗ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಒಂದೆರಡು ಗಂಟೆಗಳ ಕಾಲ ಯಾವ ತೊಂದರೆಯನ್ನೂ ಕೊಡದೆ ಓಡುತ್ತದೆ. ದಾರಿಯಲ್ಲಿ ಚಹಾ ಕುಡಿಯಲೆಂದು ಹದಿನೈದು ನಿಮಿಷ ನಿಲ್ಲಿಸಿ ಮರಳಿ ಬಂದು ಕೀಲಿ ತಿರುಗಿಸಿದರೆ ಕಾರು ಹೊರಡುವುದೇ ಇಲ್ಲ. ಎಳೆಯ ಮಕ್ಕಳು, ವಯಸ್ಸಾದವರು ಬಿಸಿಲಿನಲ್ಲಿ ಕಾಯುತ್ತಾರೆ. ಗಂಟೆ ಕಳೆದ ಮೇಲೆ, ಯಾರೂ ಏನೂ ಮಾಡದಿದ್ದರೂ, ಅದೇ ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮರುದಿನ ಗ್ಯಾರೇಜಿಗೆ ಒಯ್ದರೆ ಅಲ್ಲಿಯೂ ಸರಿಯಾಗಿಯೇ ಇರುತ್ತದೆ. ದೋಷ ಕಣ್ಣಿಗೆ ಕಾಣದ ಕಾರಣ ಮೆಕ್ಯಾನಿಕ್ ಊಹೆಯ ಮೇಲೆ ಒಂದೊಂದೇ ಭಾಗವನ್ನು ಬದಲಿಸುತ್ತಾನೆ. ಹಣ ಖರ್ಚಾಗುತ್ತದೆ, ದೋಷ ಮಾತ್ರ ಉಳಿಯುತ್ತದೆ.

ಈ ದೋಷವನ್ನು ಕಂಡುಹಿಡಿಯುವ ಮುಖ್ಯ ಸಾಕ್ಷಿ ಗ್ಯಾರೇಜಿನಲ್ಲಿಲ್ಲ. ದಾರಿಯಲ್ಲಿ ಕಾರಿನೊಡನೆ ನಿಂತ ಮನೆಯವರೇ ಆ ಸಾಕ್ಷಿಗಳು. ಕಾರು ತಣ್ಣಗಾದೊಡನೆ ದೋಷವೂ ಮರೆಯಾಗುವುದರಿಂದ, ಅದು ಇರುವ ಆ ಅರ್ಧ ಗಂಟೆಯಲ್ಲಿ ಏನನ್ನು ನೋಡಬೇಕು, ಏನನ್ನು ಕೇಳಬೇಕು, ಏನನ್ನು ಮೂಸಬೇಕು ಎಂಬುದನ್ನು ಮನೆಯವರು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆಯೇ ಸರಿ. ಇದಕ್ಕೆ ಯಂತ್ರವಿದ್ಯೆಯ ಪರಿಣತಿ ಬೇಕಿಲ್ಲ.

ನಿಂತ ಮೇಲೆ ಏರುವ ತಾಪ

ಕಾರು ಓಡುವಾಗ ಇಂಜಿನ್ ಹೆಚ್ಚು ಬಿಸಿಯಾಗಿರುತ್ತದೆ, ನಿಲ್ಲಿಸಿದೊಡನೆ ತಣ್ಣಗಾಗತೊಡಗುತ್ತದೆ ಎಂದೇ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಮೊದಲ ಕೆಲವು ನಿಮಿಷಗಳಲ್ಲಿ ಇದಕ್ಕೆ ವಿರುದ್ಧವಾದುದೇ ನಡೆಯುತ್ತದೆ. ಓಡುವಾಗ ರೇಡಿಯೇಟರಿನ ನೀರು ಇಂಜಿನ್ನಿನ ಸುತ್ತ ಹರಿದು ತಾಪವನ್ನು ಹೊರಗೆ ಒಯ್ಯುತ್ತಿರುತ್ತದೆ. ಆ ನೀರಿನ ತಾಪ ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಎದುರಿನಿಂದ ಬೀಸುವ ಗಾಳಿಯೂ ಬಾನೆಟ್ಟಿನ ಒಳಭಾಗವನ್ನು ತಂಪಾಗಿಡುತ್ತದೆ. ಕೀಲಿ ತೆಗೆದೊಡನೆ ನೀರಿನ ಹರಿವೂ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಆದರೆ ಸಿಲಿಂಡರು ಮತ್ತು ಹೊಗೆಕೊಳವೆಗಳ ಲೋಹದಲ್ಲಿ ತುಂಬಿಕೊಂಡ ತಾಪವು ಎಲ್ಲಿಗೂ ಹೋಗಲಾರದೆ ಸುತ್ತಮುತ್ತಲಿನ ತಂತಿ, ಪಂಪು, ಕೊಳವೆ, ಸೆನ್ಸರುಗಳೊಳಗೆ ಇಳಿಯುತ್ತದೆ. ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆಯಲ್ಲಿ ಹಾಲು ಉಕ್ಕುವುದನ್ನು ನಮ್ಮ ತಾಯಂದಿರು ಬಲ್ಲರು. ಇದೂ ಅಂಥದೇ.

ಆದುದರಿಂದ ನಿಲ್ಲಿಸಿದ ಮರುಕ್ಷಣವೇ ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಗಬಹುದು. ಎರಡು ಮೂರು ಗಂಟೆಗಳ ನಂತರವೂ ಆಗಬಹುದು. ನಡುವಿನ ಹತ್ತರಿಂದ ಮೂವತ್ತು ನಿಮಿಷಗಳ ಅವಧಿಯಲ್ಲಿ ಮಾತ್ರ ಮೊಂಡು ಹಿಡಿಯಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಮತ್ತು ಕೆಳಗಿನ ಗೇರಿನಲ್ಲಿ ನಿಧಾನವಾಗಿ ಹತ್ತಬೇಕಾದ ಚಾರ್ಮಾಡಿ, ಆಗುಂಬೆಯಂತಹ ಘಟ್ಟಗಳಲ್ಲಿ ಈ ಬಾಧೆ ಹೆಚ್ಚು.

ಮೊದಲ ಪ್ರಶ್ನೆ

ಇಂಜಿನ್ ಹೊತ್ತಿಕೊಂಡು ಓಡಬೇಕಾದರೆ ಮೂರು ಸಂಗತಿಗಳು ಕೂಡಿ ಬರಬೇಕು. ಸೆಲ್ಫ್ ಮೋಟಾರು ಇಂಜಿನ್ನನ್ನು ತಕ್ಕ ವೇಗದಲ್ಲಿ ತಿರುಗಿಸಬೇಕು; ಸರಿಯಾದ ಪ್ರಮಾಣದ ಇಂಧನವೂ ಗಾಳಿಯೂ ಒಳಸೇರಬೇಕು; ಪೆಟ್ರೋಲ್ ಕಾರಿನಲ್ಲಿ ಸರಿಯಾದ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಕಾರು ಮೊಂಡು ಹಿಡಿದಾಗ ಈ ಮೂರರಲ್ಲಿ ಯಾವುದು ಇಲ್ಲವಾಗಿದೆ ಎಂಬುದಷ್ಟೇ ಪ್ರಶ್ನೆ.

ಕೀಲಿ ತಿರುಗಿಸಿದಾಗ ಇಂಜಿನ್ ತಿರುಗುವ ಸದ್ದು ಕೇಳಿಸುತ್ತದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಎಂದಿನ ವೇಗದ ಸದ್ದು ಬಂದು ಇಂಜಿನ್ ಹೊತ್ತಿಕೊಳ್ಳದಿದ್ದರೆ ಅದು ಒಂದು ದಾರಿ. ಬರೀ ‘ಟಕ್’ ಎಂಬ ಸದ್ದು, ಅಥವಾ ಎಳೆದೆಳೆದು ನಿಧಾನವಾಗಿ ತಿರುಗುವ ಸದ್ದು, ಅಥವಾ ಏನೂ ಸದ್ದಿಲ್ಲದಿರುವುದು ಇನ್ನೊಂದು ದಾರಿ. ಇವೆರಡಕ್ಕೂ ಕಾರಣಗಳು ಬೇರೆ ಬೇರೆ. ‘ಸ್ಟಾರ್ಟ್ ಆಗಲಿಲ್ಲ’ ಎಂದಷ್ಟೇ ಮೆಕ್ಯಾನಿಕನಿಗೆ ಹೇಳುವುದು, ‘ಮೈಗೆ ಸರಿಯಿಲ್ಲ’ ಎಂದಷ್ಟೇ ವೈದ್ಯರಿಗೆ ಹೇಳಿದಂತೆ.

ಇಂಜಿನ್ ತಿರುಗದಿದ್ದರೆ

ಬಿಸಿಯಾದ ಇಂಜಿನ್ನಿನಲ್ಲಿ ಎಣ್ಣೆ ತೆಳುವಾಗಿರುತ್ತದೆ. ಆದ್ದರಿಂದ ಅದು ತಣ್ಣಗಿರುವಾಗಿಗಿಂತ ಸುಲಭವಾಗಿ ತಿರುಗಬೇಕು. ಹಾಗಿದ್ದೂ ಮುಂಜಾನೆ ಚುರುಕಾಗಿ ತಿರುಗಿದ ಇಂಜಿನ್ನು ಬಿಸಿಯಾದಾಗ ತಿಣುಕಾಡಿದರೆ ಸಂಶಯವು ಸೆಲ್ಫ್ ಮೋಟಾರು, ಅದಕ್ಕೆ ಹೋಗುವ ದಪ್ಪ ತಂತಿಗಳು, ಬ್ಯಾಟರಿಯ ಚಾರ್ಜು ಇವುಗಳತ್ತ ಹೊರಳಬೇಕು. ತಾಮ್ರದ ತಂತಿಯು ಬಿಸಿಯಾದಂತೆ ವಿದ್ಯುತ್ತಿಗೆ ಒಡ್ಡುವ ತಡೆ ಹೆಚ್ಚುತ್ತದೆ. 25 ಡಿಗ್ರಿಯಿಂದ 100 ಡಿಗ್ರಿಗೆ ಏರಿದಾಗ ಆ ತಡೆ ಸುಮಾರು ಶೇಕಡ 30ರಷ್ಟು ಅಧಿಕವಾಗುತ್ತದೆ. ಹೊಸ ಸೆಲ್ಫ್ ಮೋಟಾರು ಇದನ್ನು ತಾಳಿಕೊಳ್ಳುತ್ತದೆ. ಸವೆದ ಮೋಟಾರು, ಅದರಲ್ಲೂ ಹೊಗೆಕೊಳವೆಯ ಮಗ್ಗುಲಲ್ಲೇ ಇರುವಂಥದು, ತಾಳಲಾರದೆ ಕೈಚೆಲ್ಲುತ್ತದೆ.

ಇಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಬೇಕು. ಬೆಳಕು ತೀರ ಮಂಕಾದರೆ ಬ್ಯಾಟರಿ ಬರಿದಾಗಿದೆ, ಅದರ ಕೊಂಡಿ ಸಡಿಲವಾಗಿದೆ, ಅಥವಾ ಸೆಲ್ಫ್ ಮೋಟಾರು ಬಿಗಿದುಕೊಂಡಿದೆ. ಬೆಳಕು ಹಾಗೆಯೇ ಇದ್ದು ‘ಟಕ್’ ಎಂಬ ಸದ್ದು ಮಾತ್ರ ಬಂದರೆ ದೋಷ ಸೆಲ್ಫಿನ ಸೊಲೆನಾಯ್ಡ್ ಭಾಗದಲ್ಲಿರುವ ಸಂಭವ ಹೆಚ್ಚು. ಯಾವ ಸದ್ದೂ ಇಲ್ಲದಿದ್ದರೆ ಫ್ಯೂಸು, ರಿಲೇ, ಕೀಲಿಯ ಸ್ವಿಚ್ಚುಗಳನ್ನು ನೋಡಬೇಕು. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಕಾರುಗಳಲ್ಲಿ ಕ್ಲಚ್ಚಿನ ಸ್ವಿಚ್ಚು ಸರಿಯಿದೆಯೇ, ಆಟೋಮ್ಯಾಟಿಕ್ ಕಾರಿನಲ್ಲಿ ಗೇರಿನ ಹಿಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದೆಯೇ ಎಂಬುದನ್ನೂ ಮರೆಯಬಾರದು.

ಹತ್ತಿರದಲ್ಲಿ ಮಲ್ಟಿಮೀಟರು ಇದ್ದರೆ ಕೆಲಸ ಇನ್ನೂ ಸುಲಭ. ಕಾರು ಕೆಲವು ಗಂಟೆಗಳ ಕಾಲ ನಿಂತಿರುವಾಗ ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಬರಿದಾಗಿದೆ ಎಂದರ್ಥ. ಇಂಜಿನ್ ಓಡುತ್ತಿರುವಾಗ ಬಹುಪಾಲು ಕಾರುಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಅಷ್ಟಿಲ್ಲದಿದ್ದರೆ ಆಲ್ಟರ್ನೇಟರು ಬ್ಯಾಟರಿಗೆ ಚಾರ್ಜ್ ತುಂಬುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದು ಬರಿದಾಗುವುದು ನಿಶ್ಚಯ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು.

ಬ್ಯಾಟರಿಯ ಕೊಂಡಿಗಳ ಮೇಲೆ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿಕೊಂಡಿದ್ದರೆ, ಇಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ಕೊಂಡಿಯನ್ನೂ ಅನಂತರ ಪಾಸಿಟಿವ್ ಕೊಂಡಿಯನ್ನೂ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಹಳೆಯ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಬೇಕು. ಮರುಜೋಡಿಸುವಾಗ ನೆಗೆಟಿವ್ ಕೊಂಡಿಯನ್ನು ಕೊನೆಗೆ ಹಾಕಬೇಕು. ಬಿಗಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು. ಇಂಜಿನ್ನಿನಿಂದ ಕಾರಿನ ಮೈಗೆ ಬರುವ ಅರ್ತ್ ತಂತಿಯನ್ನೂ ಹೀಗೆಯೇ ಶುಚಿಗೊಳಿಸಬೇಕು. ಎಷ್ಟೋ ಸಲ ಸೆಲ್ಫ್ ಮೋಟಾರಿನ ಮೇಲೆ ಹೊರಿಸುವ ಅಪವಾದ ಈ ತಂತಿಗೆ ಸಲ್ಲಬೇಕಾದುದಾಗಿರುತ್ತದೆ.

ತಿರುಗಿಯೂ ಹೊತ್ತಿಕೊಳ್ಳದಿದ್ದರೆ

ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿ ಇಲ್ಲ, ಅಥವಾ ಇಂಧನದ ಪ್ರಮಾಣ ಸರಿಯಿಲ್ಲ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಮೊದಲು ಮೂಗನ್ನೂ ಕಣ್ಣನ್ನೂ ಬಳಸಬೇಕು. ಪೆಟ್ರೋಲಿನ ದಟ್ಟ ವಾಸನೆ ಬರುತ್ತಿದ್ದರೆ ಇಂಧನ ಅತಿಯಾಗಿ ಹರಿದಿದೆ, ಅಥವಾ ಹರಿದ ಇಂಧನಕ್ಕೆ ಕಿಡಿ ತಾಗುತ್ತಿಲ್ಲ. ವಾಸನೆಯೇ ಇಲ್ಲದಿದ್ದರೆ ಇಂಧನ ತಲುಪುತ್ತಿಲ್ಲವೆಂಬ ಸಂಶಯ ಬಲವಾಗುತ್ತದೆ.

ಕಣ್ಣು ನೋಡಬೇಕಾದುದು ಇಂಜಿನ್ನಿನ ಸುತ್ತುಗಳನ್ನು ತೋರಿಸುವ ಆರ್‌ಪಿಎಂ ಮುಳ್ಳನ್ನು. ಇಂದಿನ ಕಾರುಗಳಲ್ಲಿ ಇಂಜಿನ್ನಿನ ಅಡ್ಡದಂಡ, ಅಂದರೆ ಕ್ರ್ಯಾಂಕ್, ಯಾವ ಸ್ಥಾನದಲ್ಲಿದೆ ಎಂಬುದನ್ನು ಅರಿತು ಕಂಪ್ಯೂಟರಿಗೆ ತಿಳಿಸುವ ಒಂದು ಸಣ್ಣ ಸೆನ್ಸರು ಇರುತ್ತದೆ. ಆ ಸುದ್ದಿ ಬಾರದಿದ್ದರೆ ಕಂಪ್ಯೂಟರು ಕಿಡಿಯನ್ನೂ ಕೊಡುವುದಿಲ್ಲ, ಇಂಧನವನ್ನೂ ಸಿಂಪಡಿಸುವುದಿಲ್ಲ. ಹಳೆಯದಾದ ಸೆನ್ಸರಿನೊಳಗಿನ ಕೂದಲೆಳೆಯಂತಹ ತಂತಿಯು ಬಿಸಿಗೆ ಹಿಗ್ಗಿ ಎಲ್ಲೋ ಬಿಟ್ಟುಕೊಂಡು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ‘ಬಿಸಿಯಾದಾಗ ಇಲ್ಲ, ತಣ್ಣಗಾದಾಗ ಉಂಟು’ ಎಂಬ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಮೇಲೇಳಬೇಕು. ಬೇರೆ ಸಮಯದಲ್ಲಿ ಏಳುತ್ತಿದ್ದ ಮುಳ್ಳು ಈಗ ಸೊನ್ನೆಯಲ್ಲೇ ಮಲಗಿದ್ದರೆ ಮೊದಲ ಸಂಶಯ ಈ ಸೆನ್ಸರಿನದು. ಗ್ಯಾರೇಜಿನ ಸ್ಕ್ಯಾನರಿನಲ್ಲಿ ಪಿ0335 ಎಂಬ ಸಂಕೇತ ದೊರೆತರೆ ಸಂಶಯಕ್ಕೆ ಬಲ ಬರುತ್ತದೆ. ಸಂಕೇತ ದೊರೆಯದಿದ್ದ ಮಾತ್ರಕ್ಕೆ ಸೆನ್ಸರು ಸರಿಯಿದೆ ಎಂದು ನಿರ್ಧರಿಸುವಂತಿಲ್ಲ. ಇಗ್ನಿಷನ್ ಕಾಯಿಲ್ ಸಹ ಇದೇ ಬಗೆಯಲ್ಲಿ ಬಿಸಿಗೆ ಸೋಲುವುದುಂಟು. ಹಳೆಯ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಈ ಪಟ್ಟಿಗೆ ಸೇರುತ್ತದೆ.

ಇಂಧನದ ಮಾತು

ಪೆಟ್ರೋಲು ನೀರಿನಂತೆ ಒಂದೇ ತಾಪದಲ್ಲಿ ಕುದಿಯುವ ದ್ರವವಲ್ಲ. ಅದು ಹಲವು ಅಂಶಗಳ ಮಿಶ್ರಣ. ಅದರ ಹಗುರ ಅಂಶಗಳು ಸುಮಾರು 35ರಿಂದ 40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ; ಭಾರವಾದ ಅಂಶಗಳಿಗೆ 200 ಡಿಗ್ರಿಯ ಸಮೀಪದ ತಾಪ ಬೇಕು. ಹೀಗಿರುವಾಗ ಬಿಸಿ ಬಾನೆಟ್ಟಿನ ಕೆಳಗೆ ಪೆಟ್ರೋಲಿಗೆ ಏನಾಗಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು 1983ರಲ್ಲಿ ಬಂದ ಮಾರುತಿ 800ರ ಮೊದಲ ಮಾದರಿಗಳಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತಿತ್ತು. ಬಿಸಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾದರೆ, ದ್ರವವನ್ನು ಎಳೆಯಬೇಕಾದ ಪಂಪು ಆವಿಯನ್ನೇ ಹಿಂಡುತ್ತ ಕೂರುತ್ತಿತ್ತು. ಇದನ್ನೇ ನಮ್ಮ ಗ್ಯಾರೇಜುಗಳಲ್ಲಿ ಏರ್‌ಲಾಕ್ ಎನ್ನುತ್ತಿದ್ದರು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದ ಹಳೆಯ ಚಾಲಕರ ಉಪಾಯದಲ್ಲಿ ಸರಿಯಾದ ತರ್ಕವೇ ಇತ್ತು. ಇದಕ್ಕೆ ಪ್ರತಿಯಾಗಿ, ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಕುದಿದು ಉಕ್ಕಿ ಇಂಜಿನ್ನಿನೊಳಗೆ ಸುರಿದರೆ ಓವರ್‌ಫ್ಲೋ ಆಗುತ್ತದೆ. ಆಗ ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಪದೇ ಪದೇ ಒತ್ತದೆ, ಒಂದೇ ಸಲ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಹೆಚ್ಚಿನ ಪೆಟ್ರೋಲು ಹೊರಹೋಗಿ ಇಂಜಿನ್ ಹೊತ್ತಿಕೊಳ್ಳುತ್ತದೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತಾದರೂ ಹಿರಿಯರ ನೆನಪಿಗೆಂದು ಅವನ್ನು ಜತನದಿಂದ ಉಳಿಸಿಕೊಂಡ ಮನೆಗಳಿವೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದರಿಂದ, ಇಂತಹ ಹಳೆಯ ಕಾರುಗಳ ರಬ್ಬರ್ ಕೊಳವೆಗಳು ಮೆತ್ತಗಾಗಿವೆಯೇ, ಬಿರಿದಿವೆಯೇ ಎಂಬುದನ್ನು ಆಗಾಗ ನೋಡುತ್ತಿರಬೇಕು.

2000ದ ಸುಮಾರಿನಿಂದ ನಮ್ಮಲ್ಲಿ ಸಾಮಾನ್ಯವಾದ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಪೆಟ್ರೋಲ್ ಟ್ಯಾಂಕಿನೊಳಗೇ ಇರುತ್ತದೆ. ಅದು ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ಕಳುಹಿಸುತ್ತದೆ. ಒತ್ತಡದಲ್ಲಿರುವ ದ್ರವ ಬೇಗನೆ ಕುದಿಯದು ಎಂಬುದನ್ನು ಕುಕ್ಕರ್ ಬಳಸುವ ಎಲ್ಲರೂ ಬಲ್ಲರು. ಇಂಜಿನ್ ನಿಂತ ಮೇಲೂ ಈ ಒತ್ತಡ ಕೊಳವೆಯಲ್ಲಿ ಉಳಿಯುವಂತೆ ಪಂಪಿನಲ್ಲಿ ಒಂದು ಸಣ್ಣ ಕವಾಟವಿದೆ. ಆ ಕವಾಟ ಸೋರಿದರೆ ಒತ್ತಡ ಇಳಿದು ಬಿಸಿ ಕೊಳವೆಯಲ್ಲಿ ಪೆಟ್ರೋಲು ಆವಿಯಾಗುತ್ತದೆ. ಆಗ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ.

ಇದನ್ನು ಮನೆಯವರೇ ಪರೀಕ್ಷಿಸಬಹುದು. ಸೆಲ್ಫ್ ಹೊಡೆಯದೆ, ಕೀಲಿಯನ್ನು ಡ್ಯಾಷ್‌ಬೋರ್ಡಿನ ದೀಪಗಳು ಹೊತ್ತುವಷ್ಟು ಮಾತ್ರ ತಿರುಗಿಸಿ ಮೂರು ಸೆಕೆಂಡು ಬಿಟ್ಟು ಮತ್ತೆ ಹಿಂದಕ್ಕೆ ತರಬೇಕು. ಪ್ರತಿ ಸಲವೂ ಹಿಂದಿನ ಸೀಟಿನ ಕೆಳಗಿನಿಂದ ಪಂಪಿನ ಸಣ್ಣ ಗುಂಯ್‌ಗುಡುವ ಸದ್ದು ಬರುವುದುಂಟು. ಹೀಗೆ ಮೂರು ಸಲ ಮಾಡಿ ಅನಂತರ ಸೆಲ್ಫ್ ಹೊಡೆದಾಗ ಕೂಡಲೇ ಸ್ಟಾರ್ಟ್ ಆದರೆ ಒತ್ತಡ ನಿಲ್ಲುತ್ತಿಲ್ಲವೆಂದು ಸಂಶಯಿಸಬಹುದು. ಎಂದೂ ಕೇಳುತ್ತಿದ್ದ ಆ ಸದ್ದು ಈಗ ಬರದಿದ್ದರೆ ಪಂಪು, ಅದರ ಫ್ಯೂಸು ಅಥವಾ ರಿಲೇ ಬಿಸಿಗೆ ಕೈಕೊಟ್ಟಿದೆ. ಟ್ಯಾಂಕಿನಲ್ಲಿರುವ ಪೆಟ್ರೋಲೇ ಪಂಪನ್ನು ತಂಪಾಗಿಡುವುದರಿಂದ ದೂರದ ಪ್ರಯಾಣದಲ್ಲಿ ಕಾಲು ಟ್ಯಾಂಕಿಗಿಂತ ಕಡಿಮೆಯಾಗಲು ಬಿಡದಿರುವುದು ಲೇಸು.

ಇನ್ನೂ ಎರಡು ಲಕ್ಷಣಗಳನ್ನು ಗುರುತಿಸಿಡಬೇಕು. ಇಂಜಿನ್ನಿನ ತಾಪವನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರು ಕೆಟ್ಟು, ಬಿಸಿಯಾದ ಇಂಜಿನ್ನನ್ನು ತಣ್ಣಗಿದೆಯೆಂದು ತಿಳಿಸಿದರೆ, ಕಂಪ್ಯೂಟರು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಆಗ ಪೆಟ್ರೋಲಿನ ವಾಸನೆ, ಕಪ್ಪು ಹೊಗೆ ಎರಡೂ ಕಾಣುತ್ತವೆ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಿದ ತಕ್ಷಣವೇ ಕಾರು ಮೊಂಡು ಹಿಡಿಯುತ್ತಿದ್ದರೆ, ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ಕವಾಟವು ತೆರೆದೇ ಉಳಿದಿದೆಯೇ ಎಂದು ಪರೀಕ್ಷಿಸಲು ಹೇಳಬೇಕು.

ಡೀಸೆಲ್ ಕಾರುಗಳಲ್ಲಿ ಪ್ಲಗ್ಗಿನ ಕಿಡಿಯಿಲ್ಲ. ಅಲ್ಲಿ ಕ್ರ್ಯಾಂಕ್ ಸೆನ್ಸರಿನ ದೋಷದ ಜೊತೆಗೆ, ಬಿಸಿಗೆ ಡೀಸೆಲ್ ತೆಳುವಾಗಿ ಸವೆದ ಇಂಜೆಕ್ಟರು ಅಥವಾ ಪಂಪಿನಲ್ಲಿ ಸೋರಿ ಬೇಕಾದ ಒತ್ತಡ ಏರದಿರುವುದು ಮುಖ್ಯ ಕಾರಣ. ಅದರ ಕೊಳವೆಗಳಲ್ಲಿ ಅತಿ ಹೆಚ್ಚಿನ ಒತ್ತಡವಿರುವುದರಿಂದ ಮನೆಯವರು ಅವನ್ನು ಎಂದಿಗೂ ಬಿಚ್ಚಬಾರದು.

ಒಂದು ಮನೆಯ ಅನುಭವ

ನಮಗೆ ಪರಿಚಿತವಾದ ದಾವಣಗೆರೆಯ ಒಂದು ಕುಟುಂಬದಲ್ಲಿ ಅಜ್ಜಿಯವರನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಯ ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿತ್ತು. ಮೂರು ತಿಂಗಳೂ ಅವರ ಪೆಟ್ರೋಲ್ ಕಾರು ರಾಣೆಬೆನ್ನೂರಿನಲ್ಲಿ ಉಪಾಹಾರಕ್ಕೆ ನಿಂತಾಗ ಹೊರಡದೆ ಹೋಯಿತು. ಮೊದಲ ಸಲ ಬ್ಯಾಟರಿ ಬದಲಾಯಿತು; ಎರಡನೆಯ ಸಲ ಪ್ಲಗ್ಗುಗಳು; ಮೂರನೆಯ ಸಲ ಪೆಟ್ರೋಲ್ ಪಂಪು. ಇಂಜಿನ್ ಪ್ರತಿ ಸಲವೂ ಚುರುಕಾಗಿಯೇ ತಿರುಗುತ್ತಿತ್ತು ಎಂಬುದನ್ನು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅದೊಂದು ಮಾತು ಹೇಳಿದ್ದರೆ ಬ್ಯಾಟರಿಯ ಹಣವಾದರೂ ಉಳಿಯುತ್ತಿತ್ತು. ಅಷ್ಟರಲ್ಲಿ ಅಜ್ಜಿಯವರು, ನನ್ನ ಸಲುವಾಗಿ ಇಷ್ಟು ತೊಂದರೆ ಬೇಡ, ಆಸ್ಪತ್ರೆಯೇ ಬೇಡ ಎನ್ನತೊಡಗಿದ್ದರು. ಕಾರಿನ ದೋಷವೊಂದು ಮನೆಯ ಹಿರಿಯರ ಚಿಕಿತ್ಸೆಗೇ ಅಡ್ಡಿಯಾಗುವ ಹಂತಕ್ಕೆ ಬಂದಿತ್ತು.

ನಾಲ್ಕನೆಯ ಸಲ, ಕಾಲೇಜಿಗೆ ಹೋಗುವ ಮೊಮ್ಮಗಳು ಪಕ್ಕದ ಸೀಟಿನಲ್ಲಿ ಕುಳಿತು ಗಮನಿಸಿದಳು. ‘ಅಪ್ಪಾಜಿ, ಬೆಳಿಗ್ಗೆ ಕೀಲಿ ತಿರುಗಿಸಿದಾಗ ಈ ಮುಳ್ಳು ಸ್ವಲ್ಪ ಮೇಲೆದ್ದಿತ್ತು, ಈಗ ಏಳುತ್ತಲೇ ಇಲ್ಲ ನೋಡಿ’ ಎಂದಳು. ನಲವತ್ತು ನಿಮಿಷದ ಬಳಿಕ ಮುಳ್ಳು ಎದ್ದಿತು, ಕಾರೂ ಹೊರಟಿತು. ಈ ಮಾತನ್ನು ಕೇಳಿದ ಮೆಕ್ಯಾನಿಕ್, ‘ಯಜಮಾನರೇ, ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ’ ಎಂದು, ಕಾರನ್ನು ಬಿಸಿ ಮಾಡಿ ನಿಲ್ಲಿಸಿ, ಕ್ರ್ಯಾಂಕ್ ಸೆನ್ಸರನ್ನು ಮೀಟರಿನಿಂದ ಪರೀಕ್ಷಿಸಿದರು. ಬಿಸಿಯಾಗಿದ್ದಾಗ ಅದರೊಳಗಿನ ತಂತಿ ಕಡಿದಂತೆ ಮೀಟರು ತೋರಿಸಿತು. ಬೆರಳುದ್ದದ ಆ ಭಾಗ ಬದಲಾದ ಮೇಲೆ ದೋಷ ಮರುಕಳಿಸಿಲ್ಲ. ಅಜ್ಜಿಯವರ ಚಿಕಿತ್ಸೆಯೂ ತಪ್ಪಿಲ್ಲ.

ದಾರಿಯಲ್ಲಿ ನೆನಪಿಡಬೇಕಾದುವು

ದೋಷವನ್ನು ಹುಡುಕುವುದಕ್ಕಿಂತ ಮೊದಲು ಜೀವದ ಕ್ಷೇಮ. ಕಾರನ್ನು ರಸ್ತೆಯಿಂದ ಆದಷ್ಟು ಹೊರಕ್ಕೆ ತಳ್ಳಿ, ಹ್ಯಾಂಡ್ ಬ್ರೇಕು ಹಾಕಿ, ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಡಬೇಕು. ಅಪಾಯಸೂಚಕ ದೀಪಗಳನ್ನು ಹಾಕಿ, ಕೆಂಪು ತ್ರಿಕೋನವನ್ನು ಸುಮಾರು 50 ಮೀಟರ್ ಹಿಂದೆ ಇಡಬೇಕು. ಮನೆಮಂದಿಯನ್ನು ಇಳಿಸಿ ರಸ್ತೆಯಿಂದ ದೂರ ನೆರಳಿನಲ್ಲಿ ಕೂರಿಸಬೇಕು. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಮಕ್ಕಳನ್ನು ಕ್ಷಣಕಾಲವೂ ಬಿಡಬಾರದು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಎಲ್ಲೆಡೆ 112 ಸಂಖ್ಯೆಗಳಿಗೆ ಕರೆ ಮಾಡಿ ನೆರವು ಕೋರಬಹುದು.

ತಾಪದ ಮುಳ್ಳು ಕೆಂಪು ಗೆರೆಯಲ್ಲಿದ್ದರೆ ಅಥವಾ ತಾಪದ ಕೆಂಪು ದೀಪ ಹೊತ್ತಿದ್ದರೆ ಸ್ಟಾರ್ಟ್ ಮಾಡುವ ಪ್ರಯತ್ನವನ್ನೇ ಕೈಬಿಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಇಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದು ನಿಮಿಷ ಬಿಡುವು ಕೊಡಬೇಕು. ಇಲ್ಲದಿದ್ದರೆ ಸಣ್ಣ ದೋಷದ ಮೇಲೆ ಬ್ಯಾಟರಿಯೂ ಬರಿದಾಗಿ ಎರಡು ದೋಷಗಳಾಗುತ್ತವೆ. ಪೆಟ್ರೋಲಿನ ವಾಸನೆ ಇರುವಲ್ಲಿ ಪ್ಲಗ್ ತೆಗೆದು ಕಿಡಿ ನೋಡುವ ಸಾಹಸ ಬೇಡ. ಬೀಡಿ ಸಿಗರೇಟಂತೂ ಹತ್ತಿರ ಸುಳಿಯಬಾರದು. ಇಂದಿನ ಪೆಟ್ರೋಲ್ ಕಾರುಗಳನ್ನು ತಳ್ಳಿ ಸ್ಟಾರ್ಟ್ ಮಾಡುವುದೂ ಒಳ್ಳೆಯದಲ್ಲ. ಉರಿಯದ ಪೆಟ್ರೋಲು ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಡಿಸುತ್ತದೆ. ಬಾನೆಟ್ ತೆರೆದು ಅರ್ಧ ಗಂಟೆ ಕಾಯುವುದೇ ಬಹಳ ಸಲ ಉತ್ತಮ ಉಪಾಯ.

ಬರೆದಿಡುವ ಅಭ್ಯಾಸ

ಕಾರಿನ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ಪೆನ್ನನ್ನೂ ಇಡಬೇಕೆಂಬುದು ನಮ್ಮ ಸಲಹೆ. ಕಾರು ಮೊಂಡು ಹಿಡಿದಾಗ ಈ ಕೆಳಗಿನವುಗಳನ್ನು ಬರೆದಿಡಬೇಕು.

1. ಎಷ್ಟು ಹೊತ್ತು ಓಡಿತ್ತು, ಎಷ್ಟು ನಿಮಿಷ ನಿಂತಿತ್ತು.
2. ಕೀಲಿ ತಿರುಗಿಸಿದಾಗ ಇಂಜಿನ್ ಚುರುಕಾಗಿ ತಿರುಗಿತೇ, ನಿಧಾನವಾಗಿ ತಿರುಗಿತೇ, ತಿರುಗಲೇ ಇಲ್ಲವೇ.
3. ಪೆಟ್ರೋಲಿನ ವಾಸನೆ ಇತ್ತೇ. ಹೊಗೆ ಬಂದಿದ್ದರೆ ಅದರ ಬಣ್ಣ ಯಾವುದು.
4. ಆರ್‌ಪಿಎಂ ಮುಳ್ಳು ಎದ್ದಿತೇ. ತಾಪದ ಮುಳ್ಳು ಎಲ್ಲಿತ್ತು. ಇಂಜಿನ್ನಿನ ಹಳದಿ ದೀಪ, ಕೀಲಿಯ ಗುರುತಿನ ದೀಪ ಹೇಗಿದ್ದವು.
5. ಪಂಪಿನ ಸದ್ದು ಕೇಳಿಸಿತೇ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಆಗತಾನೆ ತುಂಬಿಸಿದ್ದುಂಟೇ.
6. ಎಷ್ಟು ನಿಮಿಷಗಳ ಬಳಿಕ, ಏನು ಮಾಡಿದ ಮೇಲೆ ಸ್ಟಾರ್ಟ್ ಆಯಿತು.

ಇಂದಿನ ಮೊಬೈಲ್ ಫೋನಿನಿಂದ ಡ್ಯಾಷ್‌ಬೋರ್ಡಿನ ಚಿತ್ರವನ್ನೂ ಸೆಲ್ಫಿನ ಸದ್ದನ್ನೂ ಸೆರೆಹಿಡಿದರೆ ಇನ್ನೂ ಒಳ್ಳೆಯದು. ಕೀಲಿಯ ಗುರುತಿನ ದೀಪ ಎಡೆಬಿಡದೆ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ವ್ಯವಸ್ಥೆಯು ಕೀಲಿಯನ್ನು ಗುರುತಿಸುತ್ತಿಲ್ಲ ಎಂದರ್ಥ. ಆಗ ಮನೆಯಲ್ಲಿರುವ ಎರಡನೆಯ ಕೀಲಿಯಿಂದ ಪ್ರಯತ್ನಿಸಬೇಕು.

ಈ ಟಿಪ್ಪಣಿಯೊಡನೆ ಗ್ಯಾರೇಜಿಗೆ ಹೋದಾಗ ಎರಡು ಮಾತುಗಳನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಬೇಕು. ಕಾರನ್ನು ಮೊದಲು ಚೆನ್ನಾಗಿ ಬಿಸಿಯಾಗುವಂತೆ ಓಡಿಸಿ, ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ, ದೋಷ ಕಾಣಿಸಿಕೊಂಡಾಗಲೇ ಪರೀಕ್ಷಿಸಿರಿ ಎಂಬುದು ಒಂದು. ಪರೀಕ್ಷೆಯಿಂದ ಖಚಿತವಾಗದ ಹೊರತು ಯಾವ ಭಾಗವನ್ನೂ ಬದಲಿಸಬೇಡಿರಿ, ಬದಲಿಸಿದ ಹಳೆಯ ಭಾಗವನ್ನು ನಮಗೆ ಮರಳಿ ಕೊಡಿರಿ ಎಂಬುದು ಇನ್ನೊಂದು. ಒಳ್ಳೆಯ ಮೆಕ್ಯಾನಿಕನಿಗೆ ಇದರಿಂದ ಬೇಸರವಾಗದು. ತನ್ನ ಕಾಯಕವನ್ನು ಬಲ್ಲವನು ಸರಿಯಾದ ವಿವರ ತಂದ ಗಿರಾಕಿಯನ್ನು ಆದರದಿಂದಲೇ ಕಾಣುತ್ತಾನೆ. ಪರೀಕ್ಷೆಗೆ ಅರ್ಧ ದಿನ ಹಿಡಿದರೆ ಆ ಶ್ರಮಕ್ಕೆ ತಕ್ಕ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡುವುದು ನಮ್ಮ ಧರ್ಮ. ಹುಡುಕಾಟದ ಕೂಲಿಯನ್ನು ಉಳಿಸಲು ಹೋಗಿ ಬೇಡದ ಬಿಡಿಭಾಗಗಳಿಗೆ ಅದರ ಹಲವು ಪಟ್ಟು ತೆರುವುದು ಜಾಣತನವಲ್ಲ.

ಕಾರು ಓಡಿಸಲು ಕಲಿಯುವ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ, ಬಾನೆಟ್ ತೆರೆದು ಬ್ಯಾಟರಿ, ಫ್ಯೂಸಿನ ಪೆಟ್ಟಿಗೆ, ರೇಡಿಯೇಟರು ಎಲ್ಲಿವೆ ಎಂಬುದನ್ನೂ ತೋರಿಸಿಕೊಡಬೇಕು. ಮುಂದಿನ ಪ್ರಯಾಣಕ್ಕೆ ಮೊದಲು, ಕಾರು ಸರಿಯಾಗಿರುವಾಗಲೇ, ಮುಂಜಾನೆ ಒಮ್ಮೆ ಸೆಲ್ಫಿನ ಸದ್ದನ್ನು, ಪಂಪಿನ ಸದ್ದನ್ನು, ಮುಳ್ಳಿನ ಏರಿಕೆಯನ್ನು ಗಮನಿಸಿಡಿರಿ. ಸರಿಯಾಗಿರುವಾಗ ಹೇಗಿರುತ್ತದೆ ಎಂಬುದು ತಿಳಿದಿದ್ದರೆ ಮಾತ್ರ ಕೆಟ್ಟಾಗ ಏನು ಬದಲಾಗಿದೆ ಎಂಬುದು ತಿಳಿದೀತು.